ಜೈನಬಿಯ ಹೆಸರಿನ ತುತ್ತು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಇಷ್ಟು ವರ್ಷ ಹೆಸರು ಹಿಡಿದು ಕರೆದರೂ ದೇವರು ಓಗೊಡಲಿಲ್ಲ. ನನ್ನ ಕರೆಯೆಲ್ಲ ವ್ಯರ್ಥವಾಯಿತೇ?”

ಗುರು ಹೇಳಿದರು:

ಕಡಲ ತೀರದ ಒಬ್ಬ ದಣಿಯ ಮನೆಯಲ್ಲಿ ಕೆಲವರು ಗುಲಾಮರಾಗಿದ್ದರು. ದೇವರು ದಣಿಯ ಮನಸ್ಸನ್ನು ಕರಗಿಸಿದ, ಅವರಿಗೆ ಬಿಡುಗಡೆಯಾಯಿತು. ಅವರು ಘಟ್ಟ ಹತ್ತಿ, ಹಳ್ಳದ ಪಕ್ಕದಲ್ಲಿ ಕಾಡು ಕಡಿದು ಊರು ಕಟ್ಟಿದರು. ಅವರಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಮಗಳು ಜೈನಬಿಯನ್ನು ದಣಿ ಮೊದಲೇ ಬೇರೆ ಬಂದರಿಗೆ ಮಾರಿಬಿಟ್ಟಿದ್ದ. ಘಟ್ಟದ ದಾರಿಯಲ್ಲಿ ಸಿಕ್ಕವರ ಕೈಯಲ್ಲೆಲ್ಲ ಆ ತಾಯಿ ಹೇಳಿ ಕಳಿಸಿದಳು: “ಅವ್ವ ಇಲ್ಲಿದ್ದಾಳೆ, ಬಾ.”

ಮೊದಲ ರಾಗಿ ಕೈಗೆ ಬಂತು. ಎಲ್ಲರ ಮುಂದೆಯೂ ಮುದ್ದೆ ಬಡಿಸಿತ್ತು. ಯಾರೂ ಕೈ ಹಾಕಲಿಲ್ಲ. ದಣಿ ‘ಉಣ್ಣಿ’ ಎನ್ನದೆ ಉಂಡು ಅವರಿಗೆ ಗೊತ್ತಿರಲಿಲ್ಲ.

ಒಬ್ಬ ಮುದುಕ ನಕ್ಕ: “ದಣಿ ಹೇಳಲಿ ಅಂತ ಕೂತಿದ್ದೀರೇನ್ರೋ? ಅವನು ಕಡಲ ಹತ್ತಿರ ಇದ್ದಾನೆ. ಕೂಗಿದರೂ ಕೇಳಿಸದು.”

“ಹಾಗಾದರೆ ನೀನೇ ಮೊದಲು ಉಣ್ಣು, ಮಾವ” ಎಂದ ಪಕ್ಕದಲ್ಲಿದ್ದವನು.

ಮುದುಕನ ಕೈಯೂ ಏಳಲಿಲ್ಲ.

ಆಗ ಆ ಹೆಂಗಸು ಒಂದು ತುತ್ತು ಮುರಿದು, ಪಕ್ಕದಲ್ಲಿದ್ದ ಯಾರದೋ ಮಗುವಿನ ಬಾಯಿಗಿಟ್ಟಳು. “ಉಣ್ಣು, ಜೈನಬಿ” ಎಂದಳು. ಮಗು ನುಂಗಿತು. ‘ಉಣ್ಣು’ ಎಂಬ ಮಾತು ಕಿವಿಗೆ ಬಿದ್ದದ್ದೇ ಎಲ್ಲರೂ ಉಂಡರು.

ಅಂದಿನಿಂದ ಆ ಊರಿನ ಪದ್ಧತಿ ಅದೇ ಆಯಿತು. ದಿನಕ್ಕೊಂದು ಮಗುವಿಗೆ ಅವಳ ಕೈಯಿಂದ ಮೊದಲ ತುತ್ತು, ಜೈನಬಿಯ ಹೆಸರಿನಲ್ಲಿ.

“ನಾನು ಗಂಡು ಹುಡುಗ, ಅಜ್ಜಿ” ಎಂದು ಒಬ್ಬ ಮುಖ ತಿರುಗಿಸುತ್ತಿದ್ದ.

“ಆದರೇನಾಯ್ತು? ಬಾಯಿ ತೆಗಿ, ಜೈನಬಿ.”

ಮಗಳು ಬರಲಿಲ್ಲ, ಸುದ್ದಿಯೂ ಬರಲಿಲ್ಲ. ತುತ್ತು ಉಂಡ ಮಕ್ಕಳು ಬೆಳೆದು, ಅವರಿಗೂ ಮಕ್ಕಳಾದರು. ಅವಳ ಕಣ್ಣು ಮಂಜಾಯಿತು. ಕಿವಿ ಮಾತ್ರ ಘಟ್ಟದ ದಾರಿಯ ಕಡೆಗೇ ಇತ್ತು.

ಒಂದು ಸಂಜೆ, ಹಾಸಿಗೆ ಹಿಡಿದಿದ್ದವಳು ತಲೆ ಎತ್ತಿ ಕರೆದಳು: “ಜೈನಬಿ, ಬಂದೆಯಾ?”

ಬಾಗಿಲ ಬಳಿ ನಿಂತಿದ್ದ, ಚಿಕ್ಕವನಿದ್ದಾಗ ಅವಳ ತುತ್ತು ಉಂಡಿದ್ದ, ಮೀಸೆ ನರೆತ ಗಂಡಸೊಬ್ಬ ಹೇಳಿದ: “ಓ, ಬಂದೆ ಅವ್ವ.” ಒಳಗಿನಿಂದ ಇನ್ನೊಬ್ಬಳೂ ಹಾಗೆಯೇ ಹೇಳಿದಳು. ಆಮೇಲೆ ಅಂಗಳ ಪೂರ್ತಿ ಓಗೊಟ್ಟಿತು.

“ಉಂಡೆಯಾ?” ಎಂದು ಮುದುಕಿ ಕೇಳಿದಳು.

“ಉಂಡೆ ಅವ್ವ.”

ಅವಳು ನೆಮ್ಮದಿಯಿಂದ ಕಣ್ಣು ಮುಚ್ಚಿದಳು.

ಶಿಷ್ಯ ಹೇಳಿದ: “ಆದರೆ ಗುರುಗಳೇ, ಅವಳು ಕರೆದ ಮಗಳು ಬರಲೇ ಇಲ್ಲವಲ್ಲ.”

ಗುರು ಕೇಳಿದರು: “ಓಗೊಟ್ಟವರಲ್ಲಿ ಸುಳ್ಳು ಹೇಳಿದವರು ಯಾರಪ್ಪ?”