ಹನ್ನೆರಡನೆಯ ಕಲ್ಲು

ಕಾವೇರಿಯ ಕಡೆಗೆ ಇಳಿಯುವ ಕುರುಚಲು ಕಾಡಿನ ಅಂಚಿನಲ್ಲಿ ಕಗ್ಗಲಿಬೋರೆ ಎಂಬ ಸಣ್ಣ ಊರಿದೆ. ಊರಿನ ಹಿಂದಿನ ಗುಡ್ಡಕ್ಕೆ ಕಾಲುಹಾದಿ ಹಿಡಿದು ಹೊರಟರೆ ಮೊದಲು ಸಿಗುವುದು ಒಂಟಿಯಾಗಿ ಬಿದ್ದಿರುವ ಒಂದು ಚಪ್ಪಟೆ ಕಲ್ಲು. ಅದನ್ನು ಊರವರು ಹನ್ನೆರಡನೆಯ ಕಲ್ಲು ಎನ್ನುತ್ತಾರೆ. ಹೊಸಬರಿಗೆ ತಲೆ ಕೆಡುವುದು ಇಲ್ಲಿಯೇ. ಉಳಿದ ಹನ್ನೊಂದು ಕಲ್ಲುಗಳು ಅಲ್ಲಿಂದ ಒಂದು ಕೂಗಳತೆ ಮೇಲೆ, ಹುಣಸೆಮರದಡಿ ಸಾಲಾಗಿವೆ; ಮೊದಲು ಸಿಕ್ಕಿದ್ದು ಹನ್ನೆರಡನೆಯದು ಹೇಗಾಯಿತು ಎಂದು ಕೇಳದವರಿಲ್ಲ. ದಾರಿಯ ಫಲಕ ಬರೆದ ಪುಣ್ಯಾತ್ಮನಿಗೂ ಇದು ಸರಿಕಾಣದೆ 'ಮೊದಲನೆಯ ಕಲ್ಲು' ಎಂದು ಬರೆದು ಹೋಗಿದ್ದ. ಮಾರನೆಯ ದಿನವೇ ಊರ ಹೆಂಗಸರು ಅದರ ಮೇಲೆ ಸಗಣಿ ಬಳಿದರು. ಕಲ್ಲುಗಳನ್ನು ಎಣಿಸಬೇಕಾದದ್ದು ಗುಡ್ಡ ಹತ್ತಿ ಬಂದವರ ಲೆಕ್ಕದಲ್ಲಲ್ಲ, ಕೊಡ ಹಿಡಿದು ಇಳಿದವನ ಲೆಕ್ಕದಲ್ಲಿ ಎಂಬುದು ಅವರ ವಾದ.

ಹಿಂದೆ ಒಮ್ಮೆ, ಅಜ್ಜಂದಿರ ಅಜ್ಜಂದಿರ ಕಾಲದಲ್ಲಿ, ಈ ಸೀಮೆಗೆ ವಾಂತಿಭೇದಿಯ ಜಾಡ್ಯ ಬಡಿಯಿತಂತೆ. ಊರ ಬಾವಿಯ ನೀರು ಕುಡಿದವರು ಬೆಳಗ್ಗೆ ಮಲಗಿದರೆ ಸಂಜೆಗೆ ಇಲ್ಲ. ಉಳಿದವರು ಇಗರ್ಜಿಯ, ಅಂದರೆ ಊರ ಚರ್ಚಿನ, ಬಾಗಿಲು ಎಳೆದುಕೊಂಡು, ಮಕ್ಕಳುಮರಿ ಕಟ್ಟಿಕೊಂಡು ಗುಡ್ಡ ಹತ್ತಿದರು. ಜಾಡ್ಯ ತಗುಲಿದವರಿಗೆ ಆಚೆಯ ಇಳಿಜಾರಿನಲ್ಲಿ ಬೇರೆ ಗುಡಿಸಲು. ಕುಡಿಯುವ ನೀರನ್ನು ದೂರದ ಹಳ್ಳದಿಂದ ಹೊತ್ತು ತರಬೇಕಿತ್ತು. ಇನ್ನಾಸಪ್ಪ ಆಗ ಊರಿನ ಉಪದೇಶಿ. ಪಾದ್ರಿಗಳು ಬಾರದ ದಿನಗಳಲ್ಲಿ ಜಪ ಹೇಳಿಸುವವನು, ಹೆಣಕ್ಕೆ ಮಣ್ಣು ಕೊಡಿಸುವವನು ಅವನೇ. ಪಾದ್ರಿಗಳನ್ನೂ ಔಷಧವನ್ನೂ ತರಲು ಪಟ್ಟಣಕ್ಕೆ ಹೊರಡುವ ಹೊತ್ತಿಗೆ ಅವನ ಹೆಂಡತಿ ಜ್ಞಾನಮ್ಮ, ಮಗಳು ಮದಲೇನ ಇಬ್ಬರೂ ಮಲಗಿಬಿಟ್ಟರು. ಹೋಗದಿದ್ದರೆ ಊರಿಗೆ ಗತಿಯಿಲ್ಲ, ಹೋದರೆ ಇವರಿಗೆ ಯಾರೂ ಇಲ್ಲ. ಕಡೆಗೆ ನೆರೆಮನೆಯ ಯಾಗಪ್ಪ, "ನೀರು ಗಂಜಿ ನಾನು ಕೊಡ್ತೀನಿ ಕಣಣ್ಣ, ನೀ ಹೋಗ್ಬಾ" ಎಂದು ಶಿಲುಬೆ ಮುಟ್ಟಿ ಹೇಳಿದ.

ಪಟ್ಟಣದಲ್ಲಿ ಪಾದ್ರಿಗಳೇ ಜಾಡ್ಯದಿಂದ ಮಲಗಿದ್ದರು. ಒಂದು ಸೀಸೆ ಔಷಧ ಹಿಡಿದು ಇನ್ನಾಸಪ್ಪ ಹಗಲಿರುಳು ನಡೆದು ಹಿಂದಿರುಗಿದ. ಗುಡಿಸಲಿನ ಹಾದಿಯಲ್ಲಿ, ಒಂದು ಪೊದೆಯ ಪಕ್ಕ, ನೀರು ತುಂಬಿದ ಗಡಿಗೆಗಳು ಸಾಲಾಗಿ ನಿಂತಿದ್ದವು. ಕೆಲವುಗಳಲ್ಲಿ ಎಲೆ ಬಿದ್ದಿತ್ತು, ಒಂದರಲ್ಲಿ ಗಂಜಿ ಹಳಸಿ ನೊರೆ ಕಟ್ಟಿತ್ತು. ಅವು ಅಲ್ಲೇಕಿವೆ ಎಂದು ಅವನಿಗೆ ತಿಳಿಯಲಿಲ್ಲ. ಗುಡಿಸಲಿಗೆ ಹೋದ ಮೇಲೆ ತಿಳಿಯಿತು. ತಾಯಿ ಒಳಗೆ ಸತ್ತಿದ್ದಳು. ಮಗಳು ಬಾಗಿಲು ದಾಟಿ, ಗಡಿಗೆಗಳಿದ್ದ ಕಡೆಗೆ ತೆವಳಿ, ಅರ್ಧದಲ್ಲೇ ಮುಗಿದುಹೋಗಿದ್ದಳು. ಅವನು ಸೀಸೆಯನ್ನು ಬಂಡೆಗೆ ಅಪ್ಪಳಿಸಿ ಒಡೆದ. ಆಮೇಲೆ ಅದು ಇನ್ನೊಬ್ಬರಿಗಾದರೂ ಆಗುತ್ತಿತ್ತಲ್ಲ ಎಂದು ಚೂರುಗಳನ್ನು ಆಯ್ದು ಅತ್ತನಂತೆ.

ಯಾಗಪ್ಪ ತಾನಾಗಿಯೇ ಬಂದು ಕಾಲಿಗೆ ಬಿದ್ದ. "ಹೆದ್ರಿಕೊಂಡೆ ಅಣ್ಣ. ಎರಡು ಕೂಸವೆ ನಂಗೆ. ಅಲ್ಲಿಗಂಟ ಹೋಗ್ತಿದ್ದೆ, ಕಾಲು ಮುಂದಕ್ಕೆ ಬತ್ತಿರಲಿಲ್ಲ. ಇಟ್ಟು ಬಂದು, ಕೊಟ್ಟೆ ಅಂತಿದ್ದೆ." ಊರವರು ಅವನನ್ನು ಬಡಿದು ಗುಡ್ಡದ ಕೆಳಕ್ಕೆ ಅಟ್ಟಿದರು. ಇನ್ನಾಸಪ್ಪ ಬಡಿಯಲಿಲ್ಲ, ತಡೆಯಲೂ ಇಲ್ಲ. ಅಂದಿನಿಂದ ಅವನು ಜಪ ಹೇಳಿಸುವುದನ್ನು ಬಿಟ್ಟ. ಯಾರಾದರೂ ಬಲವಂತ ಮಾಡಿದರೆ, "ಮಗಳು ತೆವಳೋವಾಗ ನೋಡ್ತಾ ಇದ್ದ ದೇವ್ರಿಗೆ ನಾನೇನಂತ ಹೇಳ್ಲಿ?" ಎನ್ನುತ್ತಿದ್ದ. ಆ ಪ್ರಶ್ನೆಗೆ ಉತ್ತರವಿದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಹೆಣಗಳ ನಡುವೆಯೇ ಉಪವಾಸದ ತಪಸ್ಸುಕಾಲ ಮುಗಿದು ಪವಿತ್ರ ಗುರುವಾರ ಬಂತು. ಪ್ರಭು ಶಿಷ್ಯರ ಪಾದ ತೊಳೆದ ದಿನ. ಆ ಊರಿನಲ್ಲಿ ಉಪದೇಶಿಯಾದವನು ಹನ್ನೆರಡು ಗಂಡಸರ ಕಾಲು ತೊಳೆಯುವ ಪದ್ಧತಿ ತಪ್ಪಿದ್ದೇ ಇಲ್ಲ. ಈ ವರ್ಷ ತಪ್ಪಿದರೆ ದೇವರು ಪೂರ್ತಿ ಕೈಬಿಟ್ಟಂತೆಯೇ ಎಂದು ಜನ ಗೋಳಾಡಿದರು. ಮೂವರು ಮಕ್ಕಳನ್ನು ಮಣ್ಣುಮಾಡಿದ್ದ ಮುದುಕಿ ಆರೋಗ್ಯಮ್ಮ ಹೋಗಿ ಕೂತು ಹಟ ಹಿಡಿದ ಮೇಲೆ ಇನ್ನಾಸಪ್ಪ ಎದ್ದ. ನಂಬಿಕೆಯಿಂದೇನಲ್ಲ, ಮುದುಕಿಯ ಕಾಟ ತಾಳಲಾರದೆ. ಮರದಡಿ ಕಲ್ಲುಗಳನ್ನಿಟ್ಟು ನೋಡಿದರೆ, ಕೂರಲು ಉಳಿದಿದ್ದ ಗಂಡಸರು ಹನ್ನೊಂದೇ ಮಂದಿ. ಹೆಂಗಸೊಬ್ಬಳನ್ನು ಕೂರಿಸುವ ಬುದ್ಧಿ ಆ ಕಾಲಕ್ಕೆ ಯಾರಿಗೂ ಬರಲಿಲ್ಲ. ಕೆಳಗಿರುವವನ ಹೆಸರೆತ್ತುವ ಧೈರ್ಯ ಯಾರಿಗೂ ಇಲ್ಲ. ಆರೋಗ್ಯಮ್ಮ ಎತ್ತಿದಳು.

"ಅವನ ಕಾಲು ಮುಟ್ಟೋದಾದ್ರೆ ಮುರಿಯೋಕೆ ಮುಟ್ತೀನಿ," ಎಂದ ಇನ್ನಾಸಪ್ಪ.

"ನೀನೇ ಅಲ್ವೇನಪ್ಪ ನಮಗೆ ಓದಿ ಹೇಳಿದ್ದು? ಆವತ್ತು ಆ ಪಂಕ್ತಿಲಿ ಸ್ವಾಮಿನ ಹಿಡ್ಕೊಟ್ಟ ಯೂದನೂ ಕೂತಿದ್ದ. ಸ್ವಾಮಿ ಅವನ ಕಾಲು ಬಿಟ್ಟು ಮಿಕ್ಕವರದ್ದು ತೊಳೆದ್ನಾ?"

ಮುದುಕಿ ಬಂಡೆಯ ಅಂಚಿಗೆ ಹೋಗಿ ಯಾಗಪ್ಪನನ್ನು ಕೂಗಿದಳು. ಅವನು ಹತ್ತಿ ಬಂದ. ಬರುತ್ತ ಬರುತ್ತ, ಮೇಲೆ ನಿಂತವರ ಮುಖ ಕಂಡು, ದಾರಿಯಲ್ಲೇ ಒಂದು ಕಲ್ಲಿನ ಮೇಲೆ ಕುಸಿದ. ಎಷ್ಟು ಕರೆದರೂ ಏಳಲಿಲ್ಲ. ಇನ್ನಾಸಪ್ಪ ಹನ್ನೊಂದು ಮಂದಿಯ ಪಾದ ತೊಳೆದ. ಕೊಡದ ತಳದಲ್ಲಿ ಇನ್ನೂ ನೀರು ಉಳಿದಿತ್ತು. ಅದನ್ನು ಹಿಡಿದು ಅವನು ಇಳಿಜಾರಿನ ಅಂಚಿಗೆ ಬಂದ. ಕೆಳಗೆ ಕೂತವನ ಮೇಲೆ ಬಂಡೆಯೊಂದನ್ನು ಉರುಳಿಸಿದರೆ ಸಾಕು ಎಂದು ಆಗ ಮನಸ್ಸಿಗೆ ಬಂದಿತ್ತೆಂದು ಇನ್ನಾಸಪ್ಪನೇ ಆಮೇಲೆ ಹೇಳಿಕೊಂಡನಂತೆ. "ನನ್ನ ಕೈಲಾಗಲ್ಲ, ಬೇಕಾದ್ರೆ ನೀನೇ ನನ್ನ ಇಳಿಸು" ಎಂದು ಬೈದ ಹಾಗೆ ದೇವರಿಗೆ ಹೇಳಿ ಹೆಜ್ಜೆ ಕಿತ್ತಿಟ್ಟ. ಎಷ್ಟೋ ದಿನದ ಮೇಲೆ ಅವನು ಮಾಡಿದ ಮೊದಲ ಪ್ರಾರ್ಥನೆ ಅದು.

ಯಾಗಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. "ಬ್ಯಾಡ ಅಣ್ಣ. ಈ ನೀರ ನಾನು ಆವತ್ತು..." ಎಂದ.

"ಆವತ್ತು ನೀ ಇಟ್ಟು ಬಂದ ಜಾಗದಿಂದ ನಾ ಹೊತ್ಕೊಂಡ್ ಬಂದಿವ್ನಿ ಅನ್ಕೊ. ಚಾಚು ಕಾಲ." ಇನ್ನಾಸಪ್ಪ ಮಂಡಿಯೂರಿದ. ಸುರಿದ ನೀರಿನಲ್ಲಿ ಅರ್ಧ ಮಣ್ಣಿಗೆ ಹೋಯಿತು. ತೊಳೆದು, ತನ್ನ ಪಂಚೆಯ ಅಂಚಿನಿಂದಲೇ ಒರೆಸಿದ. ಆಮೇಲೆ ಆ ಪಾದಗಳ ಮೇಲೆ ಹಣೆಯಿಟ್ಟು, ಹೆಂಡತಿ, ಮಗಳು ಸತ್ತ ದಿನವೂ ಅಳದಷ್ಟು ಗಟ್ಟಿಯಾಗಿ ಅತ್ತ.

ಜಾಡ್ಯ ಅಂದೇ ನಿಂತಿತು ಎಂದು ಬರೆದರೆ ಕಥೆಗೆ ಕಳೆ ಬರುತ್ತಿತ್ತು. ಊರವರು ಹಾಗೆ ಹೇಳುವುದಿಲ್ಲ. ಪ್ರಭು ಎದ್ದು ಬಂದ ಪಾಸ್ಖ ಹಬ್ಬ ಕಳೆದ ಮೇಲೂ ಸಾವುಗಳಾದವು, ಇನ್ನಾಸಪ್ಪನೂ ಮಲಗಿದ. ಈ ಸಲ ಯಾಗಪ್ಪ ಗುಡಿಸಲಿನ ಒಳಗೇ ಹೋಗಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕೊನೆಗಾಲದಲ್ಲಿ ಇನ್ನಾಸಪ್ಪ, "ಯಾಕೆ ಹಂಗಾಯ್ತೋ ಈಗಲೂ ಗೊತ್ತಿಲ್ಲ ಕಣೋ. ಆದ್ರೆ ದೇವ್ರು ನನ್ನ ಬಿಟ್ಟಿಲ್ಲ. ಬಿಟ್ಟಿದ್ರೆ ಅವತ್ತು ನಾ ಇಳೀತಿರಲಿಲ್ಲ" ಎಂದನೆನ್ನುತ್ತಾರೆ. ಅವನ ಸಮಾಧಿಗೆ ಮಣ್ಣು ಹಾಕಿದವನು ಯಾಗಪ್ಪ.

ಪವಿತ್ರ ಗುರುವಾರ ಹೋದವರಿಗೆ ಇಂದಿಗೂ ಇದು ಕಾಣುತ್ತದೆ. ಮರದಡಿ ಹನ್ನೊಂದು ಮಂದಿಯ ಪಾದಗಳನ್ನು ಪಾದ್ರಿಗಳು ತೊಳೆಯುತ್ತಾರೆ. ಈಗ ಹೆಂಗಸರೂ ಕೂರುತ್ತಾರೆ. ಆಮೇಲೆ ಕೊಡ ಊರವರ ಕೈಗೆ. ತಪ್ಪು ಮಾಡಿದವರು ಯಾರೂ ಹೇಳದೆ ಬಂದು ಕೆಳಗಿನ ಕಲ್ಲಿನ ಮೇಲೆ ಕೂರಬೇಕು, ನೊಂದವರು ಯಾರೂ ಹೇಳದೆ ಇಳಿಯಬೇಕು. ಬಲವಂತವಿಲ್ಲ. ಫೋಟೊ ತೆಗೆಯುವವರನ್ನು ಮುದುಕಿಯರು ಬೈದು ಕೂರಿಸುತ್ತಾರೆ. ಹೋದ ವರ್ಷ, ಕುಡಿದು ಗಾಡಿ ಓಡಿಸಿ ಮಗುವೊಂದನ್ನು ಕೊಂದವನು ಬಂದು ಕೂತಿದ್ದ. ಮಗುವಿನ ತಾಯಿ ಕೊಡ ಹಿಡಿದು ಅರ್ಧ ದಾರಿ ಇಳಿದು, ನಿಂತು, ಹಿಂದಿರುಗಿ ಹೋದಳು. ಈ ವರ್ಷವೂ ಅವನು ಬಂದಿದ್ದ, ಆಕೆಯೂ ಬಂದಿದ್ದಳು. ಈ ಸಲ ಮುಕ್ಕಾಲು ದಾರಿ ಇಳಿದಳು.