ದೇಚಮ್ಮ ಹೊಡೆಯದ ತೆಂಗಿನಕಾಯಿ

ಕೊಡಗಿನ ಒಂದು ಊರಿನಲ್ಲಿ ಬೆಳ್ಯಪ್ಪ ಎಂಬ ಒಳ್ಳೆಯ ಗುರಿಕಾರನಿದ್ದ. ತನ್ನ ರೈಫಲ್ಲಿಗೆ ಬೇಕಾದ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಿದ್ದ. ಖಾಲಿ ತೋಟಾಕ್ಕೆ ಅಳತೆಯ ಮದ್ದು ಹಾಕಿ ಗುಂಡು ಕೂರಿಸುವ ಆ ಕೆಲಸಕ್ಕೆ ಕುಳಿತರೆ ಯಾರೊಡನೆಯೂ ಮಾತಿಲ್ಲ, ಕತೆಯಿಲ್ಲ.

ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ ಬಂತು. ಮಧ್ಯಾಹ್ನ ಮೈದಾನದಲ್ಲಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮಗಳು ದೇಚಮ್ಮ ಮೊದಲ ಬಾರಿ ಹೆಸರು ಕೊಟ್ಟಿದ್ದಳು. ಬೆಳ್ಯಪ್ಪನಿಗೆ ಖುಷಿಯೋ ಖುಷಿ. ಬೆಳಿಗ್ಗೆಯೇ ಅವಳಿಗಾಗಿ ತೋಟಾ ತುಂಬಲು ಕುಳಿತ.

ಅಷ್ಟರಲ್ಲಿ ಹೆಂಡತಿಯ ಅಣ್ಣ ಪೂಣಚ್ಚ ಬಂದ. ಹಬ್ಬಕ್ಕೆ ಬಂದ ನೆಂಟನನ್ನು ಹೊರಗೆ ಕೂರಿಸಲಾದೀತೇ?

"ಬನ್ನಿ ಭಾವ, ಇಲ್ಲೇ ಕೂತ್ಕೊಳ್ಳಿ. ಕೈ ಕೆಲಸ ಮಾಡುತ್ತೆ, ಕಿವಿ ಕೇಳುತ್ತೆ."

ಪೂಣಚ್ಚ ಬಾಯಿ ಬಿಟ್ಟರೆ ಮುಗಿಯಿತು. ಹಂದಿ ಅಟ್ಟಿಸಿಕೊಂಡು ಬಂದದ್ದು, ತಾನು ಹಲಸಿನ ಮರ ಹತ್ತಿದ್ದು, ಅಲ್ಲಿ ಕೆಂಪಿರುವೆಗಳು ಚಡ್ಡಿಯೊಳಗೆ ಹೊಕ್ಕಿದ್ದು! ಬೆಳ್ಯಪ್ಪ ಹೊಟ್ಟೆ ಹುಣ್ಣಾಗುವಂತೆ ನಕ್ಕ. ನಗುನಗುತ್ತಲೇ ಮದ್ದು ತುಂಬಿದ.

ಭಾವ ಊಟಕ್ಕೆ ಎದ್ದಾಗ ಬೆಳ್ಯಪ್ಪನಿಗೆ ಒಂದು ಅನುಮಾನ ಬಂತು. ಯಾವುದೋ ಒಂದು ತೋಟಾಕ್ಕೆ ಎರಡು ಸಲ ಮದ್ದು ಹಾಕಿದೆನೇ? ಹಾಗಾಗಿದ್ದರೆ ಕೋವಿಯೇ ಸಿಡಿದು ಹೊಡೆಯುವವರ ಮುಖಕ್ಕೆ ಬಡಿಯುತ್ತದೆ. ಎಷ್ಟು ಯೋಚಿಸಿದರೂ ಹಂದಿ ನೆನಪಾಯಿತು, ಇರುವೆ ನೆನಪಾಯಿತು, ಮದ್ದು ಮಾತ್ರ ನೆನಪಾಗಲಿಲ್ಲ. ಬಿಚ್ಚಿ ಮತ್ತೆ ತುಂಬಲು ಹೊತ್ತಿರಲಿಲ್ಲ. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡು ತೋಟಾಗಳ ಡಬ್ಬಿ ಹಿಡಿದು ಹೊರಟ.

ಮೈದಾನದಲ್ಲಿ ದೇಚಮ್ಮನ ಹೆಸರು ಕೂಗಿದರು. ಅವಳು ಕೈ ಚಾಚಿದಳು. "ತೋಟಾ ಸರಿ ಇದೆ ತಾನೇ, ಅಪ್ಪ?"

ಹೂಂ ಅನ್ನಲು ಬೆಳ್ಯಪ್ಪ ಬಾಯಿ ತೆರೆದ. ಅವಳ ಮುಖ ನೋಡಿದ. ಹೂಂ ಹೊರಡಲಿಲ್ಲ.

"ಗೊತ್ತಿಲ್ಲ ಮಗಳೇ. ಮಾತಾಡ್ತಾ ತುಂಬಿಬಿಟ್ಟೆ. ನೀನು ಹೊಡೆಯೋದು ಬೇಡ."

ಅವರ ಕೋವಿಗೆ ಹೊಂದುವ ತೋಟಾ ಬೇರೆ ಯಾರಲ್ಲೂ ಇರಲಿಲ್ಲ. ಜನ ನಕ್ಕರು. ದೇಚಮ್ಮನ ಕಣ್ಣು ತುಂಬಿತು. ಕಾಯಿ ಬೇರೆಯವರ ಪಾಲಾಯಿತು.

ಮರುದಿನ ಬೆಳ್ಯಪ್ಪ ಒಂದೊಂದೇ ತೋಟಾವನ್ನು ಜೋಪಾನವಾಗಿ ಬಿಚ್ಚಿ ಮದ್ದು ತೂಗಿದ. ಎಲ್ಲವೂ ಸರಿಯಾಗಿಯೇ ಇದ್ದವು!

"ನೋಡಿ ಭಾವ, ಸುಮ್ಮನೆ ಹೆದರಿ ಹುಡುಗಿಯ ಕಾಯಿ ಕಳೆದ್ರಿ," ಎಂದು ಪೂಣಚ್ಚ ಕೆಣಕಿದ. ಬೆಳ್ಯಪ್ಪನ ಮುಖ ಪೆಚ್ಚಾಯಿತು.

ದೇಚಮ್ಮ ಸುಮ್ಮನಿರಲಿಲ್ಲ. "ಸರಿ ಇದೆ ಅಂತ ಇವತ್ತು ಗೊತ್ತಾಯ್ತು ಮಾವ. ನಿನ್ನೆ ಯಾರಿಗೆ ಗೊತ್ತಿತ್ತು? ಕೋವಿಗೆ ಕೆನ್ನೆ ಒತ್ತಬೇಕಾಗಿದ್ದವಳು ನಾನು. ಗೊತ್ತಿಲ್ಲದೆ ಅಪ್ಪ ಹೂಂ ಅಂದಿದ್ರೆ, ಇನ್ನು ಯಾವ ಹೂಂ ಅನ್ನು ನಂಬಲಿ?"

ಬೆಳ್ಯಪ್ಪನಿಗೆ ಪಂದ್ಯ ಗೆದ್ದಷ್ಟೇ ಸಂತೋಷವಾಯಿತು.

ನೀತಿ: ಜೀವಕ್ಕೆ ಕುತ್ತು ತರಬಲ್ಲ ಕೆಲಸ ಮಾಡುವಾಗ ಮನಸ್ಸು ಅಲ್ಲೇ ಇರಲಿ. ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ. ಏನೂ ಆಗಿರಲಿಲ್ಲ ಎಂಬುದು ಆಮೇಲೆ ತಿಳಿಯುವ ಮಾತು. ಅದನ್ನು ಮೊದಲೇ ನಂಬಿ ಇನ್ನೊಬ್ಬರ ಜೀವವನ್ನು ಪಣಕ್ಕಿಡಬಾರದು.