ಪಾರ್ಕಿನ ಏಳನೇ ಕಲ್ಲು

ನಮ್ಮ ಪುರಸಭೆ ಪಾರ್ಕಿನಲ್ಲಿ ಗಿಡ ಅಂತ ಇದ್ದದ್ದು ಜಾಲಿ ಒಂದೇ. ಉಳಿದದ್ದೆಲ್ಲ ಶಂಕುಸ್ಥಾಪನೆಯ ಕಲ್ಲು. ಆರು ಅಧ್ಯಕ್ಷರು ಬಂದರು, ಆರು ಕಲ್ಲು ನೆಟ್ಟರು, ಹಾರ ಹಾಕಿಸಿಕೊಂಡು ಹೋದರು. ಪಾರ್ಕು ಬರಲಿಲ್ಲ. ಕಲ್ಲುಗಳೂ ಒಂದೊಂದಾಗಿ ಅಡ್ಡಬಿದ್ದವು.

ಏಳನೆಯವರು ಮರುಳಸಿದ್ದಯ್ಯನವರು. ಅಲ್ಲಿ ಕಸ ಗುಡಿಸುವ ಓಬಕ್ಕನ ಮುಂದೆ ಕಾರು ನಿಲ್ಲಿಸಿ ಗದರಿದರು.

"ನಾಳೆ ಹತ್ತಕ್ಕೆ ಮುಹೂರ್ತ. ನನ್ನ ಕಲ್ಲಿಗೆ ಒಳ್ಳೇ ಜಾಗ ಮಾಡಿಡು. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

"ಆಗ್ಲಿ ಸ್ವಾಮಿ. ಅಕ್ಷರ ಮಾತ್ರ ಆಳವಾಗಿ ಕೆತ್ತಿಸಬೇಡಿ."

"ಯಾಕೆ?"

"ಕೂತೋರಿಗೆ ಒತ್ತುತ್ತೆ."

ಅಧ್ಯಕ್ಷರು ತಿರುಗಿ ನೋಡಿದರು. ಮೊದಲನೇ ಅಧ್ಯಕ್ಷರ ಹೆಸರಿನ ಮೇಲೆ ಅಜ್ಜಿಯೊಬ್ಬಳು ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾಲ್ಕನೆಯವರ ಮೇಲೆ ಇಬ್ಬರು ಮುದುಕರು ಬೀಡಿ ಸೇದುತ್ತಿದ್ದರು.

"ಆರೂ ಭರ್ತಿ ಸ್ವಾಮಿ," ಅಂದಳು ಓಬಕ್ಕ. "ನಿಮ್ಮದನ್ನ ಸ್ವಲ್ಪ ಅಗಲ ಮಾಡಿಸಿದ್ರೆ ಮೂರು ಜನಕ್ಕೆ ಆಗುತ್ತೆ."

ಅಧ್ಯಕ್ಷರ ಮುಖ ಕೆಂಪೇರಿತು. "ನನ್ನ ಹೆಸರಿನ ಮೇಲೆ ಜನ ಕೂರೋದಾ?"

"ಬೆಂಚಿದ್ದಿದ್ರೆ ಕಲ್ಲಿನ ಮೇಲೆ ಯಾಕೆ ಕೂರ್ತಿದ್ರು ಸ್ವಾಮಿ?"

ಮುಹೂರ್ತ ಮುಂದಕ್ಕೆ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಜಾಲಿ ಹೋಗಿ ಹುಲ್ಲು ಬಂತು, ಹೊಂಗೆ ಸಸಿ ಬಂತು, ಹನ್ನೆರಡು ಬೆಂಚು ಬಂತು. ಆಮೇಲೆಯೇ ಅಧ್ಯಕ್ಷರು ತಮ್ಮ ಕಲ್ಲು ಇಡಿಸಿದರು. ಅದರ ಮೇಲೆ ಯಾರೂ ಕೂರಲಿಲ್ಲ.

ಈಗ ಓಬಕ್ಕ ಗುಡಿಸುವುದು ಮುಗಿಸಿ, ಅದರ ಎದುರಿನ ಬೆಂಚಿನಲ್ಲೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾಳೆ. ಕಾಲು ಚಾಚಿ ಇಟ್ಟುಕೊಳ್ಳುವುದಕ್ಕೆ ಕಲ್ಲಿನ ಎತ್ತರ ಹೇಳಿ ಮಾಡಿಸಿದ ಹಾಗಿದೆ.